ವಿಳಾಸ ಬದಲಾದರೂ ಕಾಗದ ಉಳಿಯಲಿ

ಹಳೆಯ ಮನೆಗಳ ಪಡಸಾಲೆಯಲ್ಲಿ ಗೋಡೆಯ ಮೊಳೆಗೆ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಬಂದ ಕಾಗದವನ್ನು ಓದಿ ಅದಕ್ಕೆ ಚುಚ್ಚುವುದು ರೂಢಿ. ಮಗಳ ಬಾಣಂತನದ ಸುದ್ದಿ, ಮಳೆ ಬೆಳೆಯ ವರ್ತಮಾನ, ಕಂದಾಯದ ರಸೀದಿ ಎಲ್ಲವೂ ಬಂದ ಕ್ರಮದಲ್ಲೇ ಒಂದರ ಮೇಲೊಂದು. ಮನೆ ಬದಲಿಸುವಾಗ ತಂತಿಯನ್ನು ತೆಗೆದು ಹೊಸ ಮನೆಯ ಮೊಳೆಗೆ ಹಾಕಿದರೆ ಮುಗಿಯಿತು. ಇ-ಮೇಲ್ ಕಾಲದಲ್ಲಿ ಈ ಕೆಲಸ ಅಷ್ಟು ಸುಲಭವಲ್ಲ. ಇಲ್ಲಿ ತಂತಿ, ಮೊಳೆ, ಗೋಡೆ ಮೂರೂ ಬೇರೆಯವರ ಸುಪರ್ದಿನಲ್ಲಿರುತ್ತವೆ.

ಈ ತೊಡಕಿನ ಬೇರು ಇ-ಮೇಲ್ ವಿಳಾಸದಲ್ಲಿಯೇ ಇದೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಗಣಕದಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದಾಗ ವ್ಯಕ್ತಿಯ ಹೆಸರನ್ನೂ ಗಣಕದ ಹೆಸರನ್ನೂ ಬೇರ್ಪಡಿಸಲು ‘ಅಟ್’ ಚಿಹ್ನೆಯನ್ನು ಬಳಸಿದರು. ಇಂದಿಗೂ ಚಿಹ್ನೆಯ ಎಡಭಾಗ ಬಳಕೆದಾರನದು, ಬಲಭಾಗ ಸೇವೆ ಕೊಡುವ ಸಂಸ್ಥೆಯದು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ಭಾರತದಾದ್ಯಂತ ಬಂದಿತು. ಇ-ಮೇಲ್‌ಗೆ ಅಂಥ ಸೌಲಭ್ಯವಿಲ್ಲ. ಬಲಭಾಗದ ಹೆಸರನ್ನು ತಾನೇ ನೋಂದಾಯಿಸಿ ವರ್ಷ ವರ್ಷ ಶುಲ್ಕ ಕಟ್ಟುವವನು ಮಾತ್ರ ವಿಳಾಸದೊಡನೆ ಸಂಚರಿಸಬಲ್ಲ. ಉಳಿದವರು ವಿಳಾಸವನ್ನು ಬಿಟ್ಟು ಹೋಗಬೇಕು. ಆದರೆ ಪತ್ರಗಳನ್ನು ಬಿಟ್ಟು ಹೋಗಬೇಕಾಗಿಲ್ಲ.

ಮೊದಮೊದಲು ಪತ್ರ ಉಳಿಸುವ ಪ್ರಶ್ನೆಯೇ ಅಷ್ಟಾಗಿ ಏಳುತ್ತಿರಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಕೊಡುತ್ತಿದ್ದ ಜಾಗ ಬಹುಕಾಲ 2 ಮೆಗಾಬೈಟ್ ಮಾತ್ರ. ಹೊಸ ಕಾಗದ ಬರಬೇಕಾದರೆ ಹಳೆಯದನ್ನು ಅಳಿಸಲೇಬೇಕಿತ್ತು. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಗಿಗಾಬೈಟ್ ಜಾಗದೊಡನೆ ಬಂದ ಮೇಲೆ ಜನ ಅಳಿಸುವುದನ್ನೇ ಮರೆತರು. ಹೀಗೆ ಒಂದೊಂದು ಪೆಟ್ಟಿಗೆಯಲ್ಲಿ ಎರಡು ದಶಕಗಳ ಬದುಕು ತುಂಬಿಕೊಂಡಿತು. ಈಗ ಇಲ್ಲದ ತಂದೆ ತಾಯಿಯರ ಮಾತುಗಳೂ ಅದರಲ್ಲಿವೆ.

ಪತ್ರಗಳನ್ನು ಸಾಗಿಸಲು ಎರಡು ಹಾದಿಗಳಿವೆ. 1984ರಲ್ಲಿ ರೂಪುಗೊಂಡ ‘ಪಾಪ್’ ಪದ್ಧತಿ ಅಂಚೆಯವನಿದ್ದಂತೆ: ಪತ್ರವನ್ನು ಮನೆಯ ಗಣಕಕ್ಕೆ ತಲುಪಿಸುತ್ತದೆ, ಬೇಡವೆಂದು ಹೇಳದಿದ್ದರೆ ಹಲವೊಮ್ಮೆ ಮೂಲಪ್ರತಿಯನ್ನು ಅಳಿಸಿಬಿಡುತ್ತದೆ. ಅದು ತರುವುದು ಒಳಬಂದ ಪತ್ರಗಳನ್ನಷ್ಟೆ. ಬೇರೆ ಬೇರೆ ಕಡತಗಳಲ್ಲಿ ವಿಂಗಡಿಸಿಟ್ಟವೂ ಬರೆದು ಕಳುಹಿಸಿದವೂ ಹಿಂದೆಯೇ ಉಳಿಯುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ರೂಪಿಸಿದ ‘ಐಮ್ಯಾಪ್’ ಪದ್ಧತಿಗೆ ಕಡತಗಳೂ ಕಾಣುತ್ತವೆ. ಥಂಡರ್‌ಬರ್ಡ್‌ನಂಥ ಪತ್ರ ತಂತ್ರಾಂಶದಲ್ಲಿ ಹಳೆಯ ಖಾತೆಯನ್ನೂ ಹೊಸ ಖಾತೆಯನ್ನೂ ಅಕ್ಕಪಕ್ಕ ತೆರೆದು ಕಡತಗಳನ್ನು ಒಂದರಿಂದ ಇನ್ನೊಂದಕ್ಕೆ ನಕಲಿಸಬಹುದು. ಕೆಲವು ಸಂಸ್ಥೆಗಳು ಈ ಸೌಲಭ್ಯವನ್ನು ಹಣ ಕೊಟ್ಟವರಿಗಷ್ಟೇ ಕೊಡುತ್ತವೆ.

ಇಷ್ಟಕ್ಕೇ ನಿಲ್ಲದೆ ಒಂದು ಪ್ರತಿಯನ್ನು ಕೈಯಲ್ಲಿಟ್ಟುಕೊಳ್ಳುವುದು ಜಾಣತನ. ಇದಕ್ಕೆ ಯುನಿಕ್ಸ್ ಕಾಲದಿಂದ ಬಂದ ‘ಎಂಬಾಕ್ಸ್’ ಎಂಬ ರೂಪವಿದೆ. ಅದು ನಮ್ಮ ಕೊಕ್ಕೆ ತಂತಿಯೇ ಸರಿ. ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಒಂದರ ಹಿಂದೊಂದು ಪೋಣಿಸಿರುತ್ತವೆ. ಜಿಮೇಲ್‌ನ ಪತ್ರಗಳನ್ನು ಗೂಗಲ್‌ನ ‘ಟೇಕ್‌ಔಟ್’ ಇದೇ ರೂಪದಲ್ಲಿ ಕೊಡುತ್ತದೆ. ಯಾವ ಕಂಪನಿಯ ಹಂಗೂ ಇಲ್ಲದೆ ಇದನ್ನು ತೆರೆದು ಓದಬಹುದು.

ಕನ್ನಡಿಗರಿಗೆ ಮಾತ್ರ ಇನ್ನೊಂದು ಎಚ್ಚರಿಕೆ ಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಯಲ್ಲಿ ಬರೆದ ಕಾಗದಗಳಲ್ಲಿ ಕನ್ನಡದ ರೂಪ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಗೀಚು. ಅಂಥ ಪತ್ರಗಳನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದಿಟ್ಟುಕೊಳ್ಳಬೇಕು. ಬೇರೆ ದಾರಿಯಿಲ್ಲದೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಪತ್ರಗಳಾದರೋ ಯಾವ ಗಣಕದಲ್ಲೂ ಓದಿಸಿಕೊಳ್ಳುತ್ತವೆ. ಅನುಕೂಲಕ್ಕೆಂದು ಮಾಡಿದ್ದೇ ರಕ್ಷೆಯಾಯಿತು.

ಕಾಗದ ಬಂದು ಸೇರಿದ ಮೇಲೂ ಹಳೆಯ ಬಾಗಿಲನ್ನು ಕೂಡಲೇ ಮುಚ್ಚಬಾರದು. ಕಳುಹಿಸಿದ ಪತ್ರಗಳು ಬಂದಿವೆಯೇ, ಲಗತ್ತುಗಳು ತೆರೆಯುತ್ತವೆಯೇ ಎಂದು ನೋಡಬೇಕು. ಬ್ಯಾಂಕು, ವಿಮೆ, ಆಧಾರ್ ದಾಖಲೆಗಳಲ್ಲಿ ಹೊಸ ವಿಳಾಸ ಕೊಡಬೇಕು. ಒಂದು ವರ್ಷವಾದರೂ ಹಳೆಯ ಖಾತೆಗೆ ಬಂದದ್ದು ಹೊಸದಕ್ಕೆ ತಲುಪುವ ಏರ್ಪಾಟಿರಬೇಕು. ಹಾಗೆಂದು ಅದನ್ನು ಮರೆಯುವಂತೆಯೂ ಇಲ್ಲ. 2 ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ 2023ರಲ್ಲಿ ಪ್ರಕಟಿಸಿತು.

ತಂತಿಗೆ ಚುಚ್ಚಿದ ಕಾಗದವನ್ನು ಗೆದ್ದಲು ತಿನ್ನುತ್ತಿತ್ತು, ಆದರೆ ಕಣ್ಣೆದುರೇ, ನಿಧಾನವಾಗಿ. ಇ-ಮೇಲ್ ಪೆಟ್ಟಿಗೆ ಬರಿದಾದದ್ದು ತಿಳಿಯುವುದು ಅದನ್ನು ಹುಡುಕಿಕೊಂಡು ಹೋದ ದಿನ ಮಾತ್ರ. ಕಾಗದದ ಗಂಟು ಕಟ್ಟಲು ಆ ದಿನದವರೆಗೆ ಕಾಯಬಾರದು.