ತಿಳಿನೀರಿನ ತಳದಲ್ಲಿ ಕೂತ ವಿಷ

ದಾಮೋದರ ನದಿ ಜಾರ್ಖಂಡ್‌ನಲ್ಲಿ ಹುಟ್ಟಿ ಪಶ್ಚಿಮ ಬಂಗಾಳದಲ್ಲಿ ಹೂಗ್ಲಿಯನ್ನು ಸೇರುತ್ತದೆ. ಝರಿಯಾ, ರಾಣಿಗಂಜ್‌ಗಳ ಕಲ್ಲಿದ್ದಲು ಗಣಿಗಳು, ಬೊಕಾರೊ, ಬರ್ನ್‌ಪುರ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು, ಅಲ್ಲಲ್ಲಿ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಇದರ ಕಣಿವೆಯಲ್ಲೇ ಇವೆ. ಇಂಥ ನದಿಯ ನೀರನ್ನು ಪರೀಕ್ಷಿಸಿ, ಸೀಸ ಲೀಟರಿಗೆ 0.01 ಮಿಲಿಗ್ರಾಂ ಮಿತಿಯೊಳಗಿದೆ ಎಂದು ತಿಳಿದರೆ ನದಿಯೇ ಶುದ್ಧವಾಗಿದೆ ಎಂದು ನಂಬುವವರು ಬಹಳ. ಆದರೆ ಸೀಸದಂಥ ಲೋಹಗಳು ನೀರಿನಲ್ಲಿ ಹೆಚ್ಚು ಕಾಲ ಕರಗಿ ಉಳಿಯುವುದಿಲ್ಲ. ಜೇಡಿಯ ಸೂಕ್ಷ್ಮ ಕಣಗಳಿಗೆ, ಕಬ್ಬಿಣ ಮತ್ತು ಮ್ಯಾಂಗನೀಸಿನ ಆಕ್ಸೈಡುಗಳಿಗೆ, ಕೊಳೆತ ಸಾವಯವ ವಸ್ತುವಿಗೆ ಅಂಟಿಕೊಂಡು ತಳಕ್ಕಿಳಿಯುತ್ತವೆ. ಕೋಕ್ ಒಲೆಗಳಿಂದ ಬರುವ ಫೀನಾಲನ್ನು ಬ್ಯಾಕ್ಟೀರಿಯಾಗಳು ಕಾಲಕ್ರಮೇಣ ಒಡೆಯಬಲ್ಲವು. ಲೋಹವನ್ನು ಒಡೆಯುವ ಜೀವಿ ಯಾವುದೂ ಇಲ್ಲ. ಹೀಗಾಗಿ ನೀರಿನ ಮಾದರಿ ಆ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ವರ್ಷಗಳ ಲೆಕ್ಕ ಹೂಳಿನಲ್ಲಿರುತ್ತದೆ.

ಲೋಹ ಮಣ್ಣಿನಲ್ಲಿ ಸಹಜವಾಗಿಯೇ ಇರುತ್ತದೆ, ಎಲ್ಲಕ್ಕೂ ಕಾರ್ಖಾನೆಯನ್ನು ದೂರುವುದೇಕೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ದಾಮೋದರ ಹುಟ್ಟುವ ಛೋಟಾನಾಗಪುರದ ಬಂಡೆಗಳಲ್ಲೂ ಕ್ರೋಮಿಯಂ, ನಿಕಲ್ ಇವೆ. ಅದಕ್ಕಾಗಿಯೇ ವಿಜ್ಞಾನಿಗಳು ಒಟ್ಟು ಪ್ರಮಾಣವನ್ನು ನೋಡಿ ಸುಮ್ಮನಾಗುವುದಿಲ್ಲ. ಬಂಡೆಯಿಂದಲೇ ಬರುವ ಅಲ್ಯೂಮಿನಿಯಂ ಜೊತೆ ಅನುಪಾತ ತೆಗೆದು, ಸಹಜ ಮಟ್ಟಕ್ಕಿಂತ ಲೋಹ ಎಷ್ಟು ಪಟ್ಟು ಏರಿದೆ ಎಂದು ಅಳೆಯುತ್ತಾರೆ. ಅದಕ್ಕಿಂತ ಮುಖ್ಯ ಪ್ರಶ್ನೆ ಲೋಹ ಯಾವ ರೂಪದಲ್ಲಿದೆ ಎಂಬುದು. ಖನಿಜದ ಹರಳಿನೊಳಗೆ ಬಂಧಿಯಾದ ಕ್ರೋಮಿಯಂ ಬಹುಮಟ್ಟಿಗೆ ನಿರುಪದ್ರವಿ. ಕಣದ ಹೊರಮೈಗೆ ಸಡಿಲವಾಗಿ ಅಂಟಿದ ಕ್ಯಾಡ್ಮಿಯಂ ಅಲ್ಪ ಪ್ರಮಾಣದಲ್ಲಿದ್ದರೂ ಹುಳು, ಚಿಪ್ಪುಜೀವಿಗಳ ಒಡಲು ಸೇರಿ ಮೀನಿನತ್ತ ಸಾಗಬಲ್ಲದು. ಸಹಜ ಎಂಬ ಒಂದೇ ಮಾತಿನಿಂದ ಪ್ರಶ್ನೆ ಮುಗಿಯುವುದಿಲ್ಲ.

ಮಳೆಗಾಲದ ಪ್ರವಾಹ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ ಎಂಬ ನಂಬಿಕೆ ಇನ್ನೂ ಗಟ್ಟಿ. ಪ್ರವಾಹ ಹೂಳನ್ನು ಒಯ್ಯುತ್ತದೆ, ನಿಜ. ಆದರೆ ದಾಮೋದರದ ಹಾದಿಯಲ್ಲಿ 1959ರಿಂದ ಪಂಚೇತ್ ಅಣೆಕಟ್ಟಿದೆ, ಕೆಳಗೆ ದುರ್ಗಾಪುರದ ಬ್ಯಾರೇಜ್ ಇದೆ. ನಿಂತ ನೀರಿನಲ್ಲಿ ಹೂಳು ಮತ್ತೆ ಕೂರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಬೊಕಾರೊ ಥರ್ಮಲ್ ವಿದ್ಯುತ್ ಸ್ಥಾವರದ ಬೂದಿಕೊಳದ ಏರಿ ಒಡೆದು ಹಾರುಬೂದಿ ಉಪನದಿ ಕೊನಾರ್‌ಗೆ ನುಗ್ಗಿತು. ಅಂಥ ಬೂದಿ ಕಣ್ಣಿಗೆ ಮರೆಯಾದ ಮಾತ್ರಕ್ಕೆ ನದಿಯಿಂದ ಹೊರಹೋದಂತಲ್ಲ. ಹಾಗಾದರೆ ಹೂಳನ್ನು ಎತ್ತಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಆದರೆ ಆಮ್ಲಜನಕವಿಲ್ಲದ ಕೆಸರಿನಲ್ಲಿ ಲೋಹಗಳು ಸಲ್ಫೈಡುಗಳಾಗಿ ಕಟ್ಟುಬಿದ್ದಿರುತ್ತವೆ. ಕೆಸರನ್ನು ಕೆದಕಿ ಗಾಳಿಗೊಡ್ಡಿದರೆ ಸಲ್ಫೈಡು ಉತ್ಕರ್ಷಣಗೊಂಡು ಆಮ್ಲ ಹುಟ್ಟುತ್ತದೆ, ಲೋಹ ಬಿಡುಗಡೆಯಾಗುತ್ತದೆ. ಪರೀಕ್ಷೆಯಿಲ್ಲದೆ ಎತ್ತುವ ಹೂಳು ತಳದ ವಿಷವನ್ನು ದಡಕ್ಕೆ ತರಬಹುದು.

ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ರೈತರ ಹಳೆಯ, ಒಳ್ಳೆಯ ರೂಢಿ. ಆದರೆ ಉಕ್ಕು, ಕಲ್ಲಿದ್ದಲು ಉದ್ಯಮಗಳ ಕೆಳಹರಿವಿನ ಹೂಳಿಗೆ ಅದೇ ನಂಬಿಕೆ ಸಲ್ಲದು. ಅಂಥ ಹೂಳನ್ನು ಹೊಲಕ್ಕೆ ತರುವ ಮುನ್ನ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳ ಪರೀಕ್ಷೆ ಮಾಡಿಸಿ. ನೀರಿನ ವರದಿ ತೋರಿಸಿದರೆ ಹೂಳಿನ ವರದಿಯನ್ನೂ ಕೇಳಿ.