ಮಾಘ-ಫಾಲ್ಗುಣಗಳಲ್ಲಿ ಗಾಲ್ಫ್ ಮೈದಾನದ ಗರಿಕೆಯ ಆರೈಕೆ

ಗಾಲ್ಫ್ ಆಟದ ಮೈದಾನಕ್ಕೂ ವ್ಯವಸಾಯ ಇಲಾಖೆಗೂ ಏನು ಸಂಬಂಧವೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಕೇಳಬಹುದು. ರಾಗಿ ಬೆಳೆಯುತ್ತಿದ್ದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸೀಮೆಯಲ್ಲಿ ಈಗ ಕಾರ್ಖಾನೆಗಳೂ ಕಂಪೆನಿಗಳೂ ತಮ್ಮ ಆವರಣಗಳಲ್ಲಿ ಹುಲ್ಲುಹಾಸನ್ನು ಬೆಳೆಸುತ್ತಿವೆ. ಇವುಗಳ ಆರೈಕೆಯ ಕಂಟ್ರಾಕ್ಟನ್ನು ಗ್ರಾಮಸ್ಥರೇ ವಹಿಸಿಕೊಳ್ಳುವುದುಂಟು; ನೀರಂತೂ ಗ್ರಾಮದ ನೆಲದಡಿಯದೇ. ಗಾಲ್ಫ್ ಆಟವು ಬೆಂಗಳೂರಿಗೆ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ೧೮೭೬ರಲ್ಲಿ ಸ್ಥಾಪಿತವಾಯಿತು. ನಗರದಿಂದ ವೈಟ್‌ಫೀಲ್ಡಿನ ಕಡೆಗೆ ಹೋಗುವವರು ಚಲ್ಲಘಟ್ಟದ ಬಳಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವನ್ನು ಕಂಡೇ ಇರುವರು. ಅಲ್ಲಿಗೆ ಹೇಳುವ ಆರೈಕೆಯು ಸಣ್ಣ ಹುಲ್ಲುಹಾಸಿಗೂ ಬಹುಮಟ್ಟಿಗೆ ಒಪ್ಪುತ್ತದೆ.

ಶೀತದೇಶದ ಗ್ರಂಥಗಳಲ್ಲಿ ವಸಂತಾರಂಭವೆಂದರೆ ಹಿಮ ಕರಗಿ ನೆಲವು ತೊಯ್ದಿರುವ ಕಾಲ. ನಮ್ಮಲ್ಲಿ ಇದು ತದ್ವಿರುದ್ಧ. ಪುಷ್ಯದ ಚಳಿಗೆ ಬೆಳವಣಿಗೆಯನ್ನು ತಗ್ಗಿಸಿದ್ದ ಗರಿಕೆಯು ಫೆಬ್ರವರಿಯಲ್ಲಿ ಚಿಗುರಲಾರಂಭಿಸುವ ಹೊತ್ತಿಗೆ ಸರಿಯಾಗಿ ಆಕಾಶವು ಬರಿದಾಗಿರುತ್ತದೆ. ಮಾವಿನ ಮಳೆ ಬೀಳುವುದು ಸಾಮಾನ್ಯವಾಗಿ ಏಪ್ರಿಲಿನಲ್ಲಿ. ಆದಕಾರಣ ಈ ಎರಡು ತಿಂಗಳ ಕೆಲಸವೆಲ್ಲವೂ ಬೇರನ್ನು ಆಳಕ್ಕೆ ಇಳಿಸುವ ಒಂದೇ ಉದ್ದೇಶದಿಂದ ನಡೆಯತಕ್ಕದ್ದು.

ದಿನವೂ ಚಿಮುಕಿಸುವ ನೀರು ಇದಕ್ಕೆ ಮೊದಲನೆಯ ಶತ್ರು. ಒಂದು ಆವರಣದಲ್ಲಿ ಹಸುರಾಗಿ ಕಾಣುತ್ತಿದ್ದ ಹುಲ್ಲನ್ನು ನಾನು ಅಗೆಯಿಸಿ ನೋಡಲಾಗಿ, ಬೇರು ಎರಡು ಬೆರಳಿನ ಆಳಕ್ಕೂ ಹೋಗಿರಲಿಲ್ಲ. ಒಂದು ವಾರ ಪಂಪು ಕೆಟ್ಟಿತೆಂದರೆ ಅದು ಒಣಗದೆ ಉಳಿಯದು. ವಾರಕ್ಕೊಮ್ಮೆ, ಮುಂಜಾನೆ, ಒಂದು ಗೇಣು ಆಳಕ್ಕೆ ತೋಯುವಂತೆ ನೀರು ಕೊಡುವುದು ಲೇಸು. ಇದಕ್ಕೆ ಸುಮಾರು ಒಂದು ಅಂಗುಲ ನೀರು ಬೇಕು. ಎಕರೆಯೊಂದಕ್ಕೆ ಒಂದು ಅಂಗುಲವೆಂದರೆ ಒಂದು ಲಕ್ಷ ಲೀಟರು. ಜಲ ಜೀವನ ಮಿಷನ್ನಿನವರು ಗ್ರಾಮವಾಸಿಯೊಬ್ಬನಿಗೆ ದಿನಕ್ಕೆ ಗೊತ್ತುಮಾಡಿರುವುದು ೫೫ ಲೀಟರು. ಆ ಲೆಕ್ಕದಲ್ಲಿ ಇದು ೧,೮೦೦ ಜನರ ಒಂದು ದಿನದ ನೀರು. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ತೋಟಗಳಿಗೆ ಬಳಸಿದವರಿಗೆ ೫,೦೦೦ ರೂಪಾಯಿ ದಂಡವೆಂದು ಜಲಮಂಡಲಿಯು ಆಜ್ಞೆ ಮಾಡಿದ್ದು ಜ್ಞಾಪಕವಿರಬಹುದು. ಜಮೀನನ್ನು ಗುತ್ತಿಗೆಗೆ ಕೊಡುವ ಮುಂಚೆ ಹುಲ್ಲಿಗೆ ನೀರು ಎಲ್ಲಿಂದ ಬರುವುದೆಂಬುದನ್ನು ಪತ್ರದಲ್ಲಿಯೇ ಬರೆಯಿಸಿಕೊಳ್ಳಬೇಕು.

ಶುದ್ಧೀಕರಿಸಿದ ಚರಂಡಿ ನೀರು ಹುಲ್ಲಿಗೆ ಆಗುತ್ತದೆ. ಆದರೆ ಅದರಲ್ಲಿ ಸೋಡಿಯಂ ಲವಣ ಹೆಚ್ಚಿದ್ದರೆ ಮಣ್ಣು ಬಿಗಿದು ನೀರು ಇಂಗದೆ ನಿಲ್ಲುವುದು. ಆಗ ಮಣ್ಣಿನ ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಬೇಕಾಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ವಿಷವು ಕಂಡುಬಂದಿರುವುದರಿಂದ ಅಲ್ಲಿನ ಕೊಳವೆಬಾವಿಯ ನೀರನ್ನು ಪರೀಕ್ಷೆಯಿಲ್ಲದೆ ಯಾವುದಕ್ಕೂ ಬಳಸಕೂಡದು. ಅಂಥಲ್ಲಿ ಕತ್ತರಿಸಿದ ಹುಲ್ಲನ್ನು ದನಗಳಿಗೆ ಹಾಕುವುದೂ ಬೇಡ.

ತುಳಿತದಿಂದ ಗಟ್ಟಿಯಾದ ಕೆಂಪು ನೆಲಕ್ಕೆ ರಂಧ್ರ ಹೊಡೆಯುವುದು ಫೆಬ್ರವರಿಯ ಕಡೆಯಲ್ಲಿ ಮಾಡತಕ್ಕ ಮುಖ್ಯ ಕೆಲಸ. ಟೊಳ್ಳು ಕೊಳವೆಗಳುಳ್ಳ ಯಂತ್ರದಿಂದ ಮೂರು ನಾಲ್ಕು ಅಂಗುಲ ಆಳದ ಮಣ್ಣನ್ನು ಕಿತ್ತು ತೆಗೆದು, ತೊಳೆದ ಮರಳನ್ನು ತೆಳುವಾಗಿ ಹರಡಿ, ಪೊರಕೆಯಿಂದ ರಂಧ್ರಗಳಿಗೆ ಇಳಿಸಬೇಕು. ಯಂತ್ರವಿಲ್ಲದವರು ಮೊನಚಾದ ಸಲಾಕಿಯಿಂದ ಚುಚ್ಚಬಹುದು. ಫಲ ಸ್ವಲ್ಪ ಕಡಿಮೆ. ಹೊಸ ಚಿಗುರು ಚೆನ್ನಾಗಿ ಕಂಡ ಮೇಲೆಯೇ ಗುಂಟೆಗೆ ೨ ಕಿಲೋಗ್ರಾಮಿನಂತೆ ಅಮೋನಿಯಂ ಸಲ್ಫೇಟನ್ನು ಎರಚಿ ಒಡನೆಯೇ ನೀರು ಹಾಯಿಸುವುದು. ಆತುರದಿಂದ ಮುಂಚೆಯೇ ಹಾಕಿದ ಗೊಬ್ಬರವು ಕಳೆಗಳ ಪಾಲಾಗುವುದು.

ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಚೆಂಡಿನ ಕುಳಿಯ ಸುತ್ತಣ ನುಣುಪು ನೆಲವನ್ನು ೩-೪ ಮಿಲಿಮೀಟರಿಗೆ ಇಳಿಸುವರೆಂದು ಆವರಣದ ಹುಲ್ಲನ್ನೂ ಬೋಳಿಸುವುದು ಅವಿವೇಕ. ಇದಕ್ಕೆ ಒಂದೂವರೆ ಅಂಗುಲವಿರಲಿ.

ಕೊನ್ನಾರಿಯನ್ನು ಮೇಲೆ ಕಿತ್ತರೆ ಪ್ರಯೋಜನವಿಲ್ಲ, ಗೆಡ್ಡೆಯ ಸಮೇತ ಅಗೆದು ಆರಿಸಿ ಸುಡಬೇಕು. ಏಪ್ರಿಲಿನ ಮಳೆ ಬಿದ್ದೊಡನೆ ಸಂಜೆಯ ವೇಳೆ ಬೇವಿನ ಮರಗಳಿಗೆ ದುಂಬಿಗಳು ಮುತ್ತುವುದನ್ನು ಕಂಡರೆ ಕೊಂಬೆಗಳನ್ನು ಅಲುಗಿಸಿ, ಉದುರಿದವನ್ನು ಸೀಮೆಯೆಣ್ಣೆ ಬೆರೆಸಿದ ನೀರಿಗೆ ಹಾಕಿ ಕೊಲ್ಲತಕ್ಕದ್ದು. ಗರಿಕೆಯ ಬೇರನ್ನೂ ರಾಗಿಯ ಬೇರನ್ನೂ ತಿನ್ನುವ ಗೊಣ್ಣೆಹುಳುಗಳು ಇವುಗಳ ಮರಿಗಳೇ.