ಜಾಕೆಟ್ ಬಿಚ್ಚದ ಹುಡುಗ

ಎಂಟನೇ ಕ್ಲಾಸಿನ ಹುಡುಗನೊಬ್ಬ ಈ ಸೆಖೆಯಲ್ಲೂ ದಪ್ಪ ಜಾಕೆಟ್ ಹಾಕಿ ಮದ್ರಸಕ್ಕೆ ಬರುತ್ತಿದ್ದ. ಒಂದು ದಿನ ಪಾಠ ಮುಗಿದ ಮೇಲೆ ಮೆಲ್ಲಗೆ ಹೇಳಿದ: "ಉಸ್ತಾದ್, ನನಗೆ ಎದೆ ಬರ್ತಾ ಉಂಟು. ನಾನು ಗಂಡಸಲ್ವಾ?"

ಬಾಪ ದುಬೈಯಲ್ಲಿ. ಉಮ್ಮನಿಗೆ ಹೇಳಲು ನಾಚಿಕೆ. ಮಾವನ ಜೊತೆ ಡಾಕ್ಟರ ಬಳಿ ಕಳುಹಿಸಿದೆ.

ಗಂಡು ದೇಹದಲ್ಲೂ ಈಸ್ಟ್ರೋಜನ್ ಇರುತ್ತದೆ. ಪ್ರಾಯಕ್ಕೆ ಬರುವಾಗ ಅದರ ಮತ್ತು ಟೆಸ್ಟೋಸ್ಟೆರಾನ್‌ನ ತಕ್ಕಡಿ ಸ್ವಲ್ಪ ಏರುಪೇರಾಗಿ ಮೊಲೆತೊಟ್ಟಿನ ಹಿಂದೆ ಗಂಟಿನಂತೆ ಊದುತ್ತದೆ, ಮುಟ್ಟಿದರೆ ನೋವು. ಸುಮಾರು ಅರ್ಧದಷ್ಟು ಹುಡುಗರಿಗೆ ಹೀಗಾಗುತ್ತದೆ. ಹೆಚ್ಚಿನವರಿಗೆ 6 ತಿಂಗಳಿಂದ 2 ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಬೇಗ ಬೇಗ ದೊಡ್ಡದಾದರೆ, ರಸ ಬಂದರೆ, ಗಂಟು ಕಲ್ಲಿನಂತೆ ಗಟ್ಟಿಯಿದ್ದರೆ ತಡಮಾಡದೆ ತೋರಿಸಬೇಕು. 14 ತುಂಬಿಯೂ ಪ್ರಾಯದ ಲಕ್ಷಣವೇ ಕಾಣದಿದ್ದರೂ ಹಾಗೆಯೇ. ಜಿಮ್‌ನ ಗೆಳೆಯರು ಕೊಡುವ ಸ್ಟೀರಾಯ್ಡ್ ಮಾತ್ರ ಬೇಡಪ್ಪಾ, ಅದರಿಂದಲೇ ಎದೆ ಊದುವುದುಂಟು.

ನಮ್ಮದೂ ತಪ್ಪಿದೆ. ಬುಲೂಗ್‌ನ ಪಾಠದಲ್ಲಿ 15 ವರ್ಷದ ಲೆಕ್ಕ, ಗುಸ್ಲ್ ಇಷ್ಟು ಹೇಳಿ ಪುಟ ತಿರುಗಿಸುತ್ತೇವೆ. ಮಕ್ಕಳು ಉಳಿದದ್ದನ್ನು ಮೊಬೈಲಿನಲ್ಲಿ ಹುಡುಕಿ ಹೆದರುತ್ತಾರೆ.

ಅವನ ಒಪ್ಪಿಗೆ ಕೇಳಿಯೇ ಬಾಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ ಅಂದರು: "ಆ ಪ್ರಾಯದಲ್ಲಿ ನನಗೂ ಆಗಿತ್ತು ಉಸ್ತಾದ್. ಯಾರಿಗೂ ಹೇಳಿರಲಿಲ್ಲ. ಅವನಿಗೆ ಫೋನ್ ಕೊಡಿ."